ತಾರೆಯರ ತಟ್ಟೆ ನೋಡಿ ನಮ್ಮ ತಟ್ಟೆ ಬದಲಿಸಬೇಕೆ?



ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಗಳಲ್ಲಿ ಯಾರೂ ಕೇಳಿರದ ಒಂದು ಪದ ಇಂದು ಮಕ್ಕಳ ಬಾಯಲ್ಲಿ ಸಲೀಸಾಗಿ ಬರುತ್ತಿದೆ. ಅದು ‘ವೀಗನ್’. “ಉಮ್ಮಾ, ಇವತ್ತಿನಿಂದ ನಾನು ವೀಗನ್. ನನಗೆ ಮೀನು ಬೇಡ, ಮೊಟ್ಟೆ ಬೇಡ, ಹಾಲೂ ಬೇಡ” ಎಂದು ಕಾಲೇಜಿಗೆ ಹೋಗುವ ಮಗಳು ಹೇಳಿಬಿಟ್ಟರೆ ತಾಯಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಮಾಂಸ ಬಿಟ್ಟವರನ್ನು ಆಕೆ ಕಂಡಿದ್ದಾಳೆ. ಆದರೆ ಹಾಲು, ಮೊಸರು, ತುಪ್ಪ, ಕೊನೆಗೆ ಜೇನುತುಪ್ಪವನ್ನೂ ಬಿಡುವವರನ್ನು ಕಂಡಿರಲಿಲ್ಲ. ಯಾಕಮ್ಮಾ ಎಂದು ಕೇಳಿದರೆ ಸಿಗುವ ಉತ್ತರ ಬಹುತೇಕ ಎರಡೇ. ಒಂದು, ಇಂಥ ನಟಿ ಹೀಗೆ ಮಾಡಿದ್ದಾಳೆ. ಎರಡು, ಹೀಗೆ ಮಾಡಿದರೆ ಬೇಗ ತೆಳ್ಳಗಾಗಬಹುದು.

ಈ ಎರಡು ಉತ್ತರಗಳ ಬಗ್ಗೆ ಈ ತಿಂಗಳು ಸ್ವಲ್ಪ ಶಾಂತವಾಗಿ ಯೋಚಿಸೋಣ. ವೀಗನ್ ಆಹಾರವನ್ನು ಹಾಸ್ಯ ಮಾಡುವ ಉದ್ದೇಶ ನನಗಿಲ್ಲ. ಅದನ್ನು ಹೊಗಳಿ ಅಟ್ಟಕ್ಕೇರಿಸುವುದೂ ಇಲ್ಲ. ನಮ್ಮ ಹೆಣ್ಣುಮಕ್ಕಳ ಆರೋಗ್ಯದ ಪ್ರಶ್ನೆ ಇದಾದ್ದರಿಂದ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ತಾಯಂದಿರು ತಿಳಿದಿರಬೇಕು.

ಹುಟ್ಟಿದ್ದು ಯಾಕೆ, ಬೆಳೆದದ್ದು ಹೇಗೆ?

‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಶಿಕ್ಷಕರು ಕೆಲವು ಸ್ನೇಹಿತರೊಂದಿಗೆ ಸೇರಿ ವೀಗನ್ ಸೊಸೈಟಿ ಸ್ಥಾಪಿಸಿದರು. ಇಂಗ್ಲಿಷಿನ ‘ವೆಜಿಟೇರಿಯನ್’ ಪದದ ಮೊದಲ ಮೂರು ಅಕ್ಷರ ಮತ್ತು ಕೊನೆಯ ಎರಡು ಅಕ್ಷರಗಳನ್ನು ಜೋಡಿಸಿ ಈ ಹೆಸರು ಮಾಡಿಕೊಂಡರು. ಬಾಲ್ಯದಲ್ಲಿ ಚಿಕ್ಕಪ್ಪನ ಜಮೀನಿನಲ್ಲಿ ಪ್ರಾಣಿವಧೆಯನ್ನು ಕಂಡು ವಾಟ್ಸನ್‌ರ ಮನಸ್ಸು ನೊಂದಿತ್ತು. ಮಾಂಸ ಬಿಟ್ಟರು. ಹಾಲಿನ ಉದ್ಯಮದಲ್ಲೂ ಪ್ರಾಣಿಗಳಿಗೆ ಹಿಂಸೆಯಿದೆ ಎಂದು ಅನಿಸಿದ ಮೇಲೆ ಹಾಲನ್ನೂ ಬಿಟ್ಟರು. ತಾವು ನಂಬಿದಂತೆ ಕೊನೆಯವರೆಗೂ ಬದುಕಿ, 2005ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಗಮನಿಸಿ, ಇಲ್ಲಿ ಸೊಂಟದ ಸುತ್ತಳತೆಯ ಮಾತೇ ಇಲ್ಲ. ಸರಿಯೋ ತಪ್ಪೋ, ಅದೊಂದು ನಂಬಿಕೆಯಾಗಿತ್ತು. ಇಂಥ ನಂಬಿಕೆ ತೆಳ್ಳಗಾಗುವ ಉಪಾಯವಾಗಿ ಜಗತ್ತಿಗೆ ಪರಿಚಯವಾದದ್ದರಲ್ಲಿ ತಾರೆಯರ ಪಾತ್ರ ದೊಡ್ಡದು.

ಅಮೆರಿಕದ ಪ್ರಸಿದ್ಧ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೆಯನ್ನು ನೀವು ಕೇಳಿರಬಹುದು. 2008ರಲ್ಲಿ ಆಕೆ 21 ದಿನಗಳ ವೀಗನ್ ಪಥ್ಯ ಮಾಡಿದರು. 2011ರಲ್ಲಿ ತಮ್ಮ ಸಂಸ್ಥೆಯ 378 ಮಂದಿ ನೌಕರರೊಂದಿಗೆ ಒಂದು ವಾರ ವೀಗನ್ ಆಹಾರ ಸೇವಿಸಿ ಅದನ್ನು ಟಿವಿಯಲ್ಲಿ ತೋರಿಸಿದರು. ಕೋಟ್ಯಂತರ ಮಹಿಳೆಯರು ನೋಡಿದರು. ಆಕೆ ತನ್ನ ತೂಕದ ಬಗ್ಗೆ ದಶಕಗಳಿಂದ ಬಹಿರಂಗವಾಗಿ ಮಾತನಾಡುತ್ತಾ ಬಂದವರು. ಎಷ್ಟೋ ಪಥ್ಯಗಳನ್ನು ಮಾಡಿದವರು. ಕೊನೆಗೆ 2023ರ ಡಿಸೆಂಬರಿನಲ್ಲಿ, ತಾನು ತೂಕ ಇಳಿಸುವ ಔಷಧಿಯನ್ನು ಬಳಸುತ್ತಿದ್ದೇನೆಂದು ಸ್ವತಃ ಒಪ್ಪಿಕೊಂಡರು. ಆಕೆಯ 21 ದಿನಗಳ ಪಥ್ಯವನ್ನು ನೋಡಿ ಅಡುಗೆಮನೆ ಬದಲಿಸಿದವರೆಲ್ಲರಿಗೆ ಈ ಸುದ್ದಿಯೂ ತಲುಪಿರಬಹುದೇ?

ಹಾಡುಗಾರ್ತಿ ಬಿಯಾನ್ಸೆಯ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. 2013ರ ಡಿಸೆಂಬರಿನಲ್ಲಿ ಆಕೆ ಮತ್ತು ಆಕೆಯ ಪತಿ ಜೇ-ಝೀ 22 ದಿನ ವೀಗನ್ ಆಗುವುದಾಗಿ ಘೋಷಿಸಿದರು. 2015ರಲ್ಲಿ ಅದೇ 22 ದಿನಗಳ ಹೆಸರಿನಲ್ಲಿ, ತನ್ನ ವ್ಯಾಯಾಮ ತರಬೇತುದಾರನೊಂದಿಗೆ ಸೇರಿ ಮನೆಬಾಗಿಲಿಗೆ ಊಟ ತಲುಪಿಸುವ ವ್ಯಾಪಾರ ಆರಂಭವಾಯಿತು. 2017ರಲ್ಲಿ ಆಕೆ ಅವಳಿ ಮಕ್ಕಳನ್ನು ಹೆತ್ತರು. 2018ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಸಂಗೀತೋತ್ಸವದಲ್ಲಿ ಹಾಡಬೇಕಿತ್ತು. ಅದಕ್ಕಾಗಿ ಬ್ರೆಡ್, ಸಕ್ಕರೆ, ಹಾಲು, ಮಾಂಸ, ಮೀನು ಎಲ್ಲವನ್ನೂ ಬಿಟ್ಟರು. ಈ ತಯಾರಿಯ ಕುರಿತು 2019ರಲ್ಲಿ ಬಂದ ಚಿತ್ರದಲ್ಲಿ ಆಕೆಯೇ ಎರಡು ಮಾತು ಹೇಳುತ್ತಾರೆ: ತನಗೆ ಹಸಿವಾಗುತ್ತಿದೆ ಎಂದು, ಮತ್ತು ಇನ್ನೆಂದೂ ತನ್ನ ದೇಹವನ್ನು ಇಷ್ಟು ದಂಡಿಸಲಾರೆ ಎಂದು. ಆದರೆ ಅದೇ ವರ್ಷ ಜುಲೈಯಲ್ಲಿ ಆ ಪಥ್ಯದ ಪ್ರಚಾರಕ್ಕಾಗಿ ಇನ್ನೊಂದು ವೀಡಿಯೋ ಬಂತು. ಅದರಲ್ಲಿ ಆಕೆ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. 175 ಪೌಂಡ್, ಎಂದರೆ ಸುಮಾರು 79 ಕಿಲೋ. ಅಲ್ಲಿಂದ 44 ದಿನಗಳ ಪಥ್ಯ ಶುರು. ಇದು ಸಾಮಾನ್ಯ ಹೆಂಗಸರಿಗೆ ತಪ್ಪು ಸಂದೇಶ ಕೊಡುತ್ತದೆಂದು ಆಹಾರ ತಜ್ಞರು ಆಕ್ಷೇಪಿಸಿದರು. ಇನ್ನೆಂದೂ ಹೀಗೆ ಮಾಡಲಾರೆ ಎಂದು ಒಂದು ಕಡೆ ಹೇಳಿದ ಪಥ್ಯ, ಇನ್ನೊಂದು ಕಡೆ ಮಾರಾಟಕ್ಕಿತ್ತು!

ನಮ್ಮ ದೇಶದ ಉದಾಹರಣೆ ನೋಡಿ. ನಟ ಆಮೀರ್ ಖಾನ್ 2015ರಲ್ಲಿ ತಾನು ವೀಗನ್ ಆಗಿರುವುದಾಗಿ ಹೇಳಿದರು. ಆಗ ಅವರ ಪತ್ನಿಯಾಗಿದ್ದ ಕಿರಣ್ ರಾವ್ ತೋರಿಸಿದ, ಆಹಾರ ಮತ್ತು ಕಾಯಿಲೆಗಳ ಕುರಿತ ವೀಡಿಯೋ ಇದಕ್ಕೆ ಕಾರಣವೆಂದರು. 2016ರಲ್ಲಿ ತೆರೆಕಂಡ ‘ದಂಗಲ್’ ಚಿತ್ರಕ್ಕಾಗಿ ಅವರು ದಪ್ಪಗಾಗಿ, ಮತ್ತೆ ತೆಳ್ಳಗಾದರು. ಅವರ ದೇಹ ಕಂಡು ಬೆರಗಾದವರು ಹಿಂದೆ ನಿಂತ ತರಬೇತುದಾರರನ್ನೂ, ಗಂಟೆಗಟ್ಟಲೆ ನಡೆದ ವ್ಯಾಯಾಮವನ್ನೂ ಮರೆತು ಊಟದ ಪಟ್ಟಿಯನ್ನಷ್ಟೇ ನೆನಪಿಟ್ಟುಕೊಂಡರು.

ಬೆಂಗಳೂರಿನ ತಂಡಕ್ಕೆ ಆಡುವ ವಿರಾಟ್ ಕೊಹ್ಲಿಯಂತೂ ನಮ್ಮ ಮನೆಯ ಹುಡುಗರಿಗೆಲ್ಲ ಅಚ್ಚುಮೆಚ್ಚು. ಅವರು 2018ರ ಸುಮಾರಿಗೆ ಕುತ್ತಿಗೆಯ ಮೂಳೆಯ ನೋವು ಮತ್ತು ಯೂರಿಕ್ ಆ್ಯಸಿಡ್ ಸಮಸ್ಯೆಯ ಕಾರಣ ಮಾಂಸ ಬಿಟ್ಟರು. ಕೊಹ್ಲಿ ವೀಗನ್ ಆಗಿದ್ದಾರೆಂದು ಎಲ್ಲೆಡೆ ಸುದ್ದಿಯಾಯಿತು. 2021ರಲ್ಲಿ ಅಭಿಮಾನಿಗಳು ಊಟದ ಬಗ್ಗೆ ಕೇಳಿದಾಗ ಅವರು ಕೊಟ್ಟ ಪಟ್ಟಿಯಲ್ಲಿ ಮೊಟ್ಟೆಯೂ ಇತ್ತು! ಗದ್ದಲವೆದ್ದಾಗ, ತಾನು ಸಸ್ಯಾಹಾರಿಯೆಂದಷ್ಟೇ ಹೇಳಿದ್ದೆ, ವೀಗನ್ ಎಂದು ಎಂದೂ ಹೇಳಿಕೊಂಡಿಲ್ಲವೆಂದು ಸ್ಪಷ್ಟಪಡಿಸಿದರು. ಅಂದರೆ ಸುಮಾರು ಮೂರು ವರ್ಷ ಎಷ್ಟೋ ಯುವಕರು ಅವರು ಮಾಡದೇ ಇದ್ದುದನ್ನು ಅವರ ಹೆಸರಿನಲ್ಲಿ ಅನುಕರಿಸಿದರು.

ಪರದೆಯ ಹಿಂದೆ

ಅಂಗೈಯಗಲದ ಮೊಬೈಲಿನಲ್ಲಿ ನಮಗೆ ಕಾಣುವುದು ತಟ್ಟೆ ಮತ್ತು ತೆಳ್ಳಗಿನ ದೇಹ. ಕಾಣದೇ ಇರುವುದು ಅದರ ಹಿಂದಿನ ಏರ್ಪಾಡು. ದೊಡ್ಡ ತಾರೆಯೊಬ್ಬಳಿಗೆ ಅಡುಗೆಯವರಿದ್ದಾರೆ. ಯಾವುದು ಎಷ್ಟು ತಿನ್ನಬೇಕೆಂದು ಲೆಕ್ಕ ಹಾಕುವ ಆಹಾರ ತಜ್ಞರಿದ್ದಾರೆ. ಆಗಾಗ ರಕ್ತಪರೀಕ್ಷೆ ಮಾಡಿ, ಕಡಿಮೆಯಾದದ್ದಕ್ಕೆ ಮಾತ್ರೆ, ಚುಚ್ಚುಮದ್ದು ಕೊಡುವ ವೈದ್ಯರಿದ್ದಾರೆ. ದೇಹವನ್ನು ಚಂದವಾಗಿಡುವುದೇ ಆಕೆಯ ಕಸುಬು, ಅದಕ್ಕೆ ಆಕೆಗೆ ಹಣ ಸಿಗುತ್ತದೆ. ಬೆಳಿಗ್ಗೆ ಐದಕ್ಕೆದ್ದು ಮಕ್ಕಳ ಬುತ್ತಿ ಕಟ್ಟಿ, ಅತ್ತೆ ಮಾವಂದಿರ ಮದ್ದು ನೋಡಿ, ಬೀಡಿ ಕಟ್ಟಿಯೋ ಹೊಲಿಗೆ ಹಾಕಿಯೋ ಮನೆ ತೂಗಿಸುವ ನಮ್ಮ ಸಹೋದರಿಗೆ ಇದರಲ್ಲಿ ಯಾವುದಿದೆ?

ಇಷ್ಟೆಲ್ಲ ಇದ್ದವರಿಗೂ ಈ ದಾರಿ ಸುಲಭವಾಗಿರಲಿಲ್ಲ. ಗಾಯಕಿ ಮೈಲಿ ಸೈರಸ್ ಹಲವು ವರ್ಷ ವೀಗನ್ ಆಗಿದ್ದರು. ತನ್ನ ಮೆದುಳು ಸರಿಯಾಗಿ ಕೆಲಸ ಮಾಡುತ್ತಿಲ್ಲವೆನಿಸಿ ಮತ್ತೆ ಮೀನು ತಿನ್ನಲಾರಂಭಿಸಿದೆ ಎಂದು 2020ರಲ್ಲಿ ಹೇಳಿದರು. ಬೇಯಿಸದ ಸಸ್ಯಾಹಾರದಿಂದ ತೂಕ ಇಳಿಸುವ ಕಾರ್ಯಕ್ರಮಗಳನ್ನು ಯೂಟ್ಯೂಬಿನಲ್ಲಿ ಮಾರುತ್ತಿದ್ದ ಯೊವಾನಾ ಮೆಂಡೋಝಾ ಎಂಬಾಕೆಯ ಮುಂದೆ ಮೀನಿನ ತಟ್ಟೆ ಇದ್ದುದು 2019ರಲ್ಲಿ ಇನ್ನೊಬ್ಬರ ವೀಡಿಯೋದಲ್ಲಿ ಸೆರೆಯಾಯಿತು. ಆಗ ಆಕೆ ಹೇಳಿಕೊಂಡದ್ದು ಬೇಸರದ ಕಥೆ. ಈ ಜೀವನ ಕ್ರಮದಲ್ಲಿ ಮುಟ್ಟೇ ನಿಂತುಹೋಗಿತ್ತು, ವೈದ್ಯರ ಸಲಹೆಯಂತೆ ಮೊಟ್ಟೆ, ಮೀನು ತಿನ್ನಲಾರಂಭಿಸಿದ್ದೆ ಎಂದರು. ಆ ದಿನದವರೆಗೆ ಆಕೆಯ ಮಾತು ನಂಬಿ ಹಣ ಕೊಟ್ಟು ಪಥ್ಯ ಮಾಡುತ್ತಿದ್ದ ಹುಡುಗಿಯರಿಗೆ ಇದು ಗೊತ್ತಿರಲಿಲ್ಲ.

ತೂಕ ಇಳಿಯುತ್ತದೆಯೇ?

ಪ್ರಾಮಾಣಿಕವಾಗಿ ಹೇಳಬೇಕಾದರೆ, ಇಳಿಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 22 ಅವಳಿ ಜೋಡಿಗಳ ಮೇಲೆ ಎಂಟು ವಾರಗಳ ಅಧ್ಯಯನ ನಡೆಸಿ 2023ರಲ್ಲಿ ಪ್ರಕಟಿಸಿದರು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ವೀಗನ್ ಆಹಾರ, ಇನ್ನೊಬ್ಬರಿಗೆ ಕೋಳಿ, ಮೊಟ್ಟೆ, ಹಾಲು ಸೇರಿದ ಉತ್ತಮ ಆಹಾರ. ವೀಗನ್ ಅವಳಿಗಳ ತೂಕ ಸುಮಾರು ಎರಡು ಕಿಲೋ ಹೆಚ್ಚು ಇಳಿಯಿತು. ಕೆಟ್ಟ ಕೊಲೆಸ್ಟರಾಲ್ ಕೂಡ ಕಡಿಮೆಯಾಯಿತು. ತರಕಾರಿ, ಕಾಳುಗಳಲ್ಲಿ ನಾರಿನಂಶ ಹೆಚ್ಚು. ಹೊಟ್ಟೆ ಬೇಗ ತುಂಬುತ್ತದೆ, ಒಟ್ಟು ಕ್ಯಾಲೊರಿ ಕಡಿಮೆಯಾಗುತ್ತದೆ. ಗುಟ್ಟು ಇಷ್ಟೇ. ಆದರೆ ಅದೇ ಅಧ್ಯಯನದಲ್ಲಿ ವೀಗನ್ ಅವಳಿಗಳ ಊಟದಲ್ಲಿ ಬಿ12 ಜೀವಸತ್ವ ಕಡಿಮೆ ಇದ್ದುದೂ ಕಂಡುಬಂತು.

ಎಂಟು ವಾರಕ್ಕೆ ಎರಡು ಕಿಲೋ. ಜಾಹೀರಾತುಗಳು ಹೇಳುವ ಪವಾಡಕ್ಕೂ ಇದಕ್ಕೂ ಎಷ್ಟು ಅಂತರ!

ಇನ್ನು ‘ವೀಗನ್’ ಎಂಬ ಹೆಸರಿನಲ್ಲೇ ತೆಳ್ಳಗಾಗಿಸುವ ಶಕ್ತಿಯಿದೆಯೆಂದು ತಿಳಿಯಬೇಡಿ. ತೆಂಗಿನೆಣ್ಣೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸ್ ವೀಗನ್. ಬಟಾಟೆ ಬೋಂಡ ವೀಗನ್. ಸಕ್ಕರೆ ತುಂಬಿದ ಬಣ್ಣದ ಪಾನೀಯ ವೀಗನ್. ಸಂಜೆ ಚಹಾದ ಜೊತೆ ಮುಕ್ಕುವ ಖಾರ ಮಿಕ್ಸ್ಚರ್ ಕೂಡ ಹೆಚ್ಚಾಗಿ ವೀಗನ್ನೇ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಅದು ಯಾವ ಗಿಡದಿಂದ ಬಂದರೂ ಅಷ್ಟೇ. ಮೀನು ಬಿಟ್ಟ ಜಾಗದಲ್ಲಿ ಇನ್ನೆರಡು ಸೌಟು ಅನ್ನ ಬಿದ್ದರೆ ತೂಕ ಇಳಿಯುವ ಬದಲು ಏರುತ್ತದೆ.

ಕಾಣದ ನಷ್ಟ

ತೂಕ ಇಳಿದದ್ದು ತಿಂಗಳಲ್ಲೇ ಯಂತ್ರದಲ್ಲಿ ಕಾಣುತ್ತದೆ. ಜೀವಸತ್ವ ಇಳಿದದ್ದು ಬೇಗ ಕಾಣುವುದಿಲ್ಲ. ಬಿ12 ಎಂಬ ಜೀವಸತ್ವವನ್ನು ಗಿಡಮರಗಳು ತಯಾರಿಸುವುದಿಲ್ಲ. ಅದು ನಮಗೆ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ನಮ್ಮ ಕರಾವಳಿಯ ಬಡವರ ಮೀನು ಭೂತಾಯಿಯಲ್ಲಿ ಅದು ಹೇರಳವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿದಂತೆ ವಯಸ್ಕರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬಿ12 ಬೇಕು. ಪ್ರಮಾಣ ಅತ್ಯಲ್ಪವಾದರೂ ಅದಿಲ್ಲದೆ ರಕ್ತ ಮತ್ತು ನರಗಳು ಸರಿಯಾಗಿ ಕೆಲಸ ಮಾಡಲಾರವು. ಯಕೃತ್ತಿನಲ್ಲಿ ಅದರ ಸಂಗ್ರಹವಿರುವುದರಿಂದ ಮೊದಲ ಒಂದೆರಡು ವರ್ಷ ಏನೂ ಆಗದಂತೆ ತೋರಬಹುದು. ನಂತರ ಸುಸ್ತು, ಕೈಕಾಲು ಜುಮುಗುಡುವುದು, ಬಾಯಿಹುಣ್ಣು, ಮರೆವು ಆರಂಭವಾಗುತ್ತದೆ. ಮೊದಲೇ ಸಂಗ್ರಹ ಕಡಿಮೆ ಇದ್ದವರಿಗೆ ಇದು ಬೇಗ ಬರುತ್ತದೆ. ಬಹಳ ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದಿರಬಹುದು. ಮೊಲೆಯುಣಿಸುವ ತಾಯಿಗೆ ಬಿ12 ಇಲ್ಲದಿದ್ದರೆ ಅದರ ಫಲವನ್ನು ಮಗು ಅನುಭವಿಸುತ್ತದೆ. ಮಗುವಿನ ಬೆಳವಣಿಗೆಯೇ ಕುಂಠಿತವಾಗಬಹುದು.

ಎರಡನೆಯದು ಕಬ್ಬಿಣಾಂಶ. ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಸಾಕಾದರೆ ಮಹಿಳೆಗೆ 29 ಮಿಲಿಗ್ರಾಂ ಬೇಕೆಂದು ಅದೇ ಮಂಡಳಿ ಹೇಳುತ್ತದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವು ಮಾಂಸದಲ್ಲಿರುವ ಕಬ್ಬಿಣದಷ್ಟು ಸುಲಭವಾಗಿ ದೇಹಕ್ಕೆ ಹತ್ತುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 47.8. ಎಂದರೆ ಸರಿಸುಮಾರು ಇಬ್ಬರಲ್ಲಿ ಒಬ್ಬರು! ಅದೇ ಸಮೀಕ್ಷೆ ಕರ್ನಾಟಕದ ಮಹಿಳೆಯರಲ್ಲಿ ಶೇಕಡಾ 30ರಷ್ಟು ಮಂದಿಗೆ ತೂಕ ಹೆಚ್ಚಿದೆಯೆಂದೂ ಹೇಳುತ್ತದೆ. ದಪ್ಪಗಿದ್ದವರಲ್ಲಿ ರಕ್ತ ಚೆನ್ನಾಗಿರುತ್ತದೆ ಎಂಬ ಭ್ರಮೆ ನಮ್ಮಲ್ಲಿದೆ. ಬೊಜ್ಜು ಮತ್ತು ರಕ್ತಹೀನತೆ ಒಂದೇ ದೇಹದಲ್ಲಿ ಒಟ್ಟಿಗೆ ಇರಬಲ್ಲವು.

ಮೂರನೆಯದು ಮೂಳೆ. ಬ್ರಿಟನ್ನಿನಲ್ಲಿ ಸುಮಾರು 55,000 ಜನರನ್ನು ವರ್ಷಾನುಗಟ್ಟಲೆ ಗಮನಿಸಿದ ಆಕ್ಸ್‌ಫರ್ಡ್ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮಾಂಸ ತಿನ್ನುವವರಿಗೆ ಹೋಲಿಸಿದರೆ ವೀಗನ್ ಆಹಾರದವರಲ್ಲಿ ಸೊಂಟದ ಮೂಳೆ ಮುರಿತದ ಅಪಾಯ ಎರಡು ಪಟ್ಟಿಗಿಂತಲೂ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ತೀರಾ ತೆಳ್ಳಗಿರುವುದು, ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಸಾಲದಿರುವುದು ಇದರ ಕಾರಣಗಳಲ್ಲಿ ಸೇರಿವೆಯೆಂದು ಸಂಶೋಧಕರ ಅಭಿಪ್ರಾಯ. ಮೂಳೆಗಟ್ಟಿಯಾಗುವ ಕಾಲ ಹದಿಹರೆಯ. ಆ ವಯಸ್ಸಿನಲ್ಲೇ ಹಾಲು ಬಿಟ್ಟು, ಅದರ ಜಾಗದಲ್ಲಿ ಏನನ್ನೂ ತಿನ್ನದ ಹುಡುಗಿ ಮುಂದೆ ಐವತ್ತು ದಾಟಿದ ಮೇಲೆ ಬೆಲೆ ತೆರಬೇಕಾದೀತು.

ಹಾಗೆಂದು ವೀಗನ್ ಆಹಾರವೇ ಅಪಾಯವೆಂದು ಯಾವ ತಜ್ಞರೂ ಹೇಳುತ್ತಿಲ್ಲ. ಸರಿಯಾಗಿ ಯೋಜಿಸಿ, ಬಿ12 ಮಾತ್ರೆ ಸೇವಿಸಿದರೆ ಆರೋಗ್ಯವಂತ ವಯಸ್ಕರು ಅದರಲ್ಲಿ ಚೆನ್ನಾಗಿಯೇ ಇರಬಹುದು. ಅಮೆರಿಕದ ಆಹಾರ ತಜ್ಞರ ಅಕಾಡೆಮಿ 2025ರಲ್ಲಿ ಹೊರತಂದ ಅಭಿಪ್ರಾಯವೂ ಇದೇ. ಆದರೆ ಅದು ಮಾತನಾಡಿರುವುದು ವಯಸ್ಕರ ಬಗ್ಗೆ ಮಾತ್ರ. ಗರ್ಭಿಣಿಯರು, ಮೊಲೆಯುಣಿಸುವವರು, ಮಕ್ಕಳು ಅದರಲ್ಲಿ ಸೇರಿಲ್ಲ ಎಂಬುದನ್ನು ನೆನಪಿಡಬೇಕು.

ತರಗತಿಯಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಕುಳಿತುಬಿಟ್ಟಳು. ಚುರುಕಿನ ಹುಡುಗಿ. ಇತ್ತೀಚೆಗೆ ಪಾಠದಲ್ಲಿ ಮಂಕಾಗಿದ್ದಳು. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಕುಡಿಯುವುದನ್ನು ನಿಲ್ಲಿಸಿದ್ದಳು, ಬಿಸಿಯೂಟದ ಮೊಟ್ಟೆಯನ್ನು ಗೆಳತಿಗೆ ಕೊಡುತ್ತಿದ್ದಳು. ಪಕ್ಕಕ್ಕೆ ಕರೆದು ಕೇಳಿದೆ. “ನಾನು ವೀಗನ್ ಆಗಿದ್ದೇನೆ ಟೀಚರ್” ಎಂದಳು. ಬೆಳಿಗ್ಗೆ ಲಿಂಬೆ ನೀರು, ಮಧ್ಯಾಹ್ನ ಎರಡು ತುತ್ತು ಅನ್ನ, ರಾತ್ರಿ ಸೌತೆಕಾಯಿ. ಇದು ಅವಳ ಊಟ. ಪ್ರಾಣಿಗಳ ಮೇಲಿನ ಕನಿಕರವೇ ಮಗಳೇ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತಿನ ನಂತರ ನಿಜ ಹೊರಬಂತು. ನೆಂಟರ ಮದುವೆಯಲ್ಲಿ ಯಾರೋ ಹಿರಿಯ ಹೆಂಗಸು, “ಇವಳನ್ನು ಹೊರಡಿಸಬೇಕಾದರೆ ಬಾಗಿಲು ದೊಡ್ಡದು ಮಾಡಬೇಕು” ಎಂದು ಎಲ್ಲರೆದುರು ನಕ್ಕಿದ್ದರಂತೆ. ಊಟ ಬಿಡುತ್ತೇನೆಂದರೆ ಮನೆಯಲ್ಲಿ ಬೈಯುತ್ತಾರೆ. ವೀಗನ್ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ, ಸುಮ್ಮನಾಗುತ್ತಾರೆ. ನಟಿಯ ಹೆಸರು ಹೇಳಿದರೆ ಗೆಳತಿಯರೂ ಮೆಚ್ಚುತ್ತಾರೆ.

ಅವಳ ತಾಯಿಯನ್ನು ಕರೆಸಿ ಮಾತನಾಡಿದೆವು. ಆ ತಾಯಿ, “ಹಟ ಎಂದುಕೊಂಡಿದ್ದೆ ಟೀಚರ್, ಹಸಿವು ಕಟ್ಟುತ್ತಿದ್ದಾಳೆಂದು ಗೊತ್ತಾಗಲಿಲ್ಲ” ಎಂದು ಅತ್ತರು. ರಕ್ತಪರೀಕ್ಷೆ ಮಾಡಿಸಿದಾಗ ರಕ್ತ ಬಹಳ ಕಡಿಮೆಯಿತ್ತು. ಮಾತ್ರೆ, ಊಟ, ಮುಖ್ಯವಾಗಿ ಮನೆಯವರ ಸಮಾಧಾನದ ಮಾತುಗಳಿಂದ ಕೆಲವು ತಿಂಗಳಲ್ಲಿ ಹುಡುಗಿ ಚೇತರಿಸಿಕೊಂಡಳು.

ಸಹೋದರಿಯರೇ, ಈ ಹುಡುಗಿಯನ್ನು ಹಸಿವಿಗೆ ತಳ್ಳಿದ್ದು ಮದುವೆ ಮನೆಯ ಒಂದು ನಗು. ತಾರೆಯ ಹೆಸರು ಅದನ್ನು ಮುಚ್ಚಿಡಲು ಸಿಕ್ಕ ಹೊದಿಕೆ. ನಿಮ್ಮ ಮಗಳು ಇದ್ದಕ್ಕಿದ್ದಂತೆ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯಲಾರಂಭಿಸಿದರೆ, ಮೊದಲು ಕೇಳಬೇಕಾದದ್ದು “ಯಾಕೆ ತಿನ್ನುವುದಿಲ್ಲ?” ಎಂದಲ್ಲ. “ನಿನಗೆ ಯಾರು ಏನೆಂದರು?” ಎಂದು ಕೇಳಿ ನೋಡಿ.

ಮದುವೆ ಗೊತ್ತಾದ ಹುಡುಗಿಯರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ನಿಕಾಹ್‌ಗೆ ಮೂರು ತಿಂಗಳಿರುವಾಗ ಪಥ್ಯ ಶುರು. ಫೋಟೋದಲ್ಲಿ ಚಂದ ಕಾಣಬೇಕು, ಅಳತೆ ಕೊಟ್ಟ ಬಟ್ಟೆಯೊಳಗೆ ಹಿಡಿಸಬೇಕು. ಅನ್ನ, ಹಾಲು, ಮೀನು ಎಲ್ಲ ಬಿಟ್ಟು ಹಣ್ಣಿನ ರಸದಲ್ಲಿ ದಿನ ದೂಡುತ್ತಾರೆ. ಹೀಗೆ ಹಠಾತ್ ತೂಕ ಇಳಿಸಿದರೆ ಎರಡು ಮೂರು ತಿಂಗಳ ನಂತರ ಕೂದಲು ಉದುರಲಾರಂಭಿಸುತ್ತದೆ. ಎಂದರೆ ಸರಿಯಾಗಿ ಮದುವೆಯ ಹೊತ್ತಿಗೆ! ಎಷ್ಟೋ ಹುಡುಗಿಯರು ಆ ರಕ್ತಹೀನ ದೇಹದಲ್ಲೇ ಗರ್ಭಿಣಿಯರಾಗುತ್ತಾರೆ. ಹೆರಿಗೆಯಲ್ಲಿ ರಕ್ತಸ್ರಾವವಾದಾಗ ಜೀವಕ್ಕೆ ಅಪಾಯ ತರುವುದು ಈ ರಕ್ತಹೀನತೆಯೇ. ಹುಡುಗಿಯನ್ನು ಕಂಡು ಬಂದ ಮೇಲೆ “ಸ್ವಲ್ಪ ಇಳಿಸಿದರೆ ಚೆನ್ನಾಗಿತ್ತು” ಎನ್ನುವ ಅತ್ತೆಯಾಗುವವರು ಒಮ್ಮೆ ಇದನ್ನು ಆಲೋಚಿಸಲಿ.

ಉದ್ದೇಶ ಗಟ್ಟಿಯಿರಲಿ

ಮಾಂಸ ತಿನ್ನದಿದ್ದರೆ ತಪ್ಪೇ ಎಂದು ಕೆಲವರು ಕೇಳುತ್ತಾರೆ. ನಮ್ಮಲ್ಲಿ ಮಾಂಸಕ್ಕೆ ಅನುಮತಿಯಿದೆ, ಕಡ್ಡಾಯವಿಲ್ಲ. ಒಬ್ಬರಿಗೆ ಅದು ರುಚಿಸದಿದ್ದರೆ, ಒಗ್ಗದಿದ್ದರೆ ತಿನ್ನದೇ ಇರಬಹುದು. ಪ್ರಾಣಿಗಳ ಮೇಲಿನ ದಯೆಯಿಂದ, ಪರಿಸರದ ಕಾಳಜಿಯಿಂದ ಬಿಟ್ಟವರನ್ನು ಗೇಲಿ ಮಾಡುವುದು ನಮಗೆ ಶೋಭಿಸದು. ಅನುಮತಿಯಿರುವುದನ್ನು ನಿಷಿದ್ಧವೆಂದು ಸಾರದಿದ್ದರೆ ಆಯಿತು. ಆದರೆ ದೇಹ ನಮಗೆ ಸಿಕ್ಕ ಅಮಾನತ್ತು. ಯಾರನ್ನೋ ಮೆಚ್ಚಿಸಲು ಅದನ್ನು ಉಪವಾಸ ಕೆಡಹುವ ಹಕ್ಕು ನಮಗಿಲ್ಲ.

ನಿಯ್ಯತ್ತಿನ ಮಾತು ಬಂದಾಗ ಒಂದು ಸಮೀಕ್ಷೆ ನೆನಪಾಗುತ್ತದೆ. 2014ರಲ್ಲಿ ಅಮೆರಿಕದಲ್ಲಿ 11,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿದಾಗ, ಸಸ್ಯಾಹಾರ ಅಥವಾ ವೀಗನ್ ಆಹಾರ ಆರಂಭಿಸಿದವರಲ್ಲಿ ಶೇಕಡಾ 84 ಮಂದಿ ಅದನ್ನು ಬಿಟ್ಟುಬಿಟ್ಟಿದ್ದರು. ಅವರಲ್ಲಿ ಮೂರನೇ ಒಂದರಷ್ಟು ಜನ ಮೂರು ತಿಂಗಳೊಳಗೇ ಬಿಟ್ಟವರು. ಬಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೊಟ್ಟ ಕಾರಣ ಒಂದೇ, ಅದು ತಮ್ಮ ಆರೋಗ್ಯಕ್ಕಾಗಿ ಆರಂಭಿಸಿದ್ದು. ಮುಂದುವರಿಸಿದವರಲ್ಲಿ ಹೆಚ್ಚಿನವರಿಗೆ ಅದರ ಜೊತೆ ಪ್ರಾಣಿದಯೆ, ಪರಿಸರ ಮುಂತಾದ ಇನ್ನೂ ಹಲವು ಕಾರಣಗಳಿದ್ದವು. ಇದರಲ್ಲಿ ಅಚ್ಚರಿಯೇನಿದೆ? ತೂಕಕ್ಕಾಗಿ ಆರಂಭಿಸಿದವರು ತೂಕ ಇಳಿದಾಗ ಬಿಡುತ್ತಾರೆ, ಇಳಿಯದಿದ್ದರೂ ಬಿಡುತ್ತಾರೆ. ಬಿಟ್ಟ ಮೇಲೆ ಇಳಿದ ತೂಕ ಮತ್ತೆ ಬರುತ್ತದೆ. ತಾರೆಯನ್ನು ನೋಡಿ ಆರಂಭಿಸಿದವರಂತೂ ತಾರೆ ಬಿಟ್ಟಾಗ ಏನು ಮಾಡಬೇಕು?

ಮನೆಯಲ್ಲಿ ಏನು ಮಾಡಬಹುದು?

ಮಗಳು ನಿಜವಾಗಿಯೂ ಯೋಚಿಸಿ ವೀಗನ್ ಆಗಬಯಸಿದರೆ ಜಗಳ ಬೇಡ. ಮೊದಲು ವೈದ್ಯರ ಬಳಿ ಕರೆದೊಯ್ದು ಹಿಮೋಗ್ಲೋಬಿನ್ ಮತ್ತು ಬಿ12 ಪರೀಕ್ಷೆ ಮಾಡಿಸಿ. ಅವರು ಹೇಳಿದಂತೆ ಬಿ12 ಮಾತ್ರೆ ತಪ್ಪದೆ ಕೊಡಿ, ಇದರಲ್ಲಿ ರಾಜಿ ಬೇಡ. ಒಂದೊಂದು ಪದಾರ್ಥ ಬಿಡುವ ಮೊದಲು ಅದರ ಬದಲಿಗೆ ಏನೆಂದು ನಿರ್ಧರಿಸಿ. ಅಂಗಡಿಯ ದುಬಾರಿ ಬಾದಾಮಿ ಹಾಲಿನಲ್ಲಿ ಪ್ರೋಟೀನ್ ಬಹಳ ಕಡಿಮೆ. ಸೋಯಾ ಹಾಲು ವಾಸಿ. ತೆಂಗಿನ ಹಾಲು ಪಲ್ಯ, ಸಾರಿಗೆ ಚೆನ್ನ, ಹಸುವಿನ ಹಾಲಿನ ಜಾಗ ತುಂಬಲಾರದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ. ಎಳ್ಳು, ನುಗ್ಗೆಸೊಪ್ಪು ಸೇರಿಸಿ. ಹುರುಳಿ, ಹೆಸರು, ಕಡಲೆ, ಅಲಸಂಡೆ ದಿನವೂ ಇರಲಿ. ಸೊಪ್ಪಿನ ಊಟಕ್ಕೆ ಲಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಯಲ್ಲೇ ಚಹಾ ಕುಡಿದರೆ ಅದು ನಷ್ಟವಾಗುತ್ತದೆ.

ತೂಕ ಇಳಿಸುವುದೇ ಉದ್ದೇಶವಾದರೆ ಅದನ್ನು ಹಾಗೆಂದೇ ಒಪ್ಪಿಕೊಳ್ಳಲಿ. ಅದರಲ್ಲಿ ನಾಚಿಕೆಯೇನಿಲ್ಲ. ತೂಕ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ, ಮಂಡಿನೋವು ಬರುವುದು ನಿಜ. ಅದಕ್ಕೆ ಹಾಲು, ಮೀನು ಬಿಡಬೇಕಾಗಿಲ್ಲ. ಮೀನನ್ನು ಹುರಿಯುವ ಬದಲು ಪುಳಿಮುಂಚಿ ಮಾಡಿ. ತಟ್ಟೆಯ ಅರ್ಧ ತರಕಾರಿಯಿರಲಿ, ಅನ್ನದ ಗುಡ್ಡ ಚಿಕ್ಕದಾಗಲಿ. ಬಿರಿಯಾನಿ, ನೈಚೋರು ವಾರಕ್ಕೊಮ್ಮೆ ಸಾಕು. ಚಹಾದ ಸಕ್ಕರೆ, ಬೇಕರಿ ತಿಂಡಿ ಇಳಿಸಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಂಥ ಚಟುವಟಿಕೆ ಬೇಕೆನ್ನುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ತಾಯಿ ಮಗಳು ಜೊತೆಯಾಗಿ ನಡೆದರೆ ಮಾತಿಗೂ ಸಮಯ ಸಿಗುತ್ತದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದೇ ಒಳ್ಳೆಯ ವೇಗ.

ಇನ್ನು ತಾರೆಯರ ಪಥ್ಯದ ವೀಡಿಯೋ ಮಕ್ಕಳು ತೋರಿಸಿದಾಗ ಮೊಬೈಲ್ ಕಸಿದುಕೊಳ್ಳಬೇಡಿ. ಜೊತೆಗೆ ಕೂತು ನೋಡಿ, ಮೂರು ಪ್ರಶ್ನೆ ಕೇಳಿ. ಈಕೆ ಇದರಲ್ಲಿ ಏನನ್ನು ಮಾರುತ್ತಿದ್ದಾಳೆ? ಈಕೆಯ ಅಡುಗೆ, ಆರೋಗ್ಯ ನೋಡಿಕೊಳ್ಳುವವರು ಯಾರು? ಒಂದು ವರ್ಷದ ನಂತರ ಈಕೆ ಏನು ತಿನ್ನುತ್ತಿದ್ದಳು? ನಮ್ಮ ಹೆಣ್ಣುಮಕ್ಕಳು ಬುದ್ಧಿವಂತರು. ಪ್ರಶ್ನೆ ಸಿಕ್ಕಿದರೆ ಉತ್ತರವನ್ನು ಅವರೇ ಹುಡುಕಿಕೊಳ್ಳುತ್ತಾರೆ.

ಮುಂದಿನ ಮದುವೆ ಮನೆಯಲ್ಲಿ, ಹಬ್ಬದ ದಿನ ನೆಂಟರು ಕೂಡಿದಾಗ, ಯಾರಾದರೂ ಒಂದು ಹುಡುಗಿಯ ಮೈಕಟ್ಟಿನ ಬಗ್ಗೆ ತಮಾಷೆ ಮಾಡಿದರೆ ನೀವು ನಗಬೇಡಿ. ಆ ಮಾತನ್ನು ಅಲ್ಲಿಗೇ ತಡೆದು, ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಟ್ಟಿಗೆ ಊಟ ಮಾಡಿ.